ಮುಯ್ಯಿ ಕೂಗಿದ ಗ್ರಾಮಸಭೆ

ನಮ್ಮ ಮಾವನ ಗಂಟಲು ಊರಿನ ಆಸ್ತಿ. ಮೈಕು ಇರಲಿ, ಇಲ್ಲದಿರಲಿ, ಅವರು ಬಾಯಿ ತೆರೆದರೆ ಆಚೆ ಓಣಿಯ ನಾಯಿ ಎದ್ದು ಕೂರುತ್ತಿತ್ತು. ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ ಇರುವ ನಮ್ಮೂರಿನಲ್ಲಿ ಯಾರ ಮನೆಯ ಮದುವೆಯಾದರೂ ಮುಯ್ಯಿ ಕೂಗಲು ಅವರೇ ಬೇಕು. ಮುಯ್ಯಿ ಅಂದರೆ ಬಂಧುಬಳಗದವರು ಮದುವೆಗೆ ಮಾಡುವ ಉಡುಗೊರೆ. ಇವತ್ತು ನೀವು ನಮಗೆ ಮಾಡಿದರೆ ನಾಳೆ ನಿಮ್ಮ ಮನೆಯ ಮದುವೆಗೆ ನಾವು ಅದಕ್ಕೆ ಒಂದಿಷ್ಟು ಸೇರಿಸಿ ಮಾಡಲೇಬೇಕು. ಅಕ್ಷತೆ ಬಿದ್ದ ಮೇಲೆ ಮಾವ ಚಪ್ಪರದ ಕಂಬಕ್ಕೆ ಒರಗಿ ನಿಂತು, "ಹಡಗಲಿ ಸೋದರತ್ತಿಯಿಂದ ಹಿತ್ತಾಳಿ ಕೊಡಾ!" ಎಂದು ಕೂಗುವರು. ಕೊಡ ಕೊಟ್ಟವಳು ಸೆರಗು ಸರಿಮಾಡಿಕೊಂಡು ಸುತ್ತಲೂ ಒಮ್ಮೆ ನೋಡುವಳು. ಕೊಟ್ಟದ್ದಕ್ಕಿಂತ ಒಂದು ಲೋಟ ಕಡಿಮೆ ಕೂಗಿಬಿಟ್ಟರೆ ಮುಗಿಯಿತು. ಅಷ್ಟಕ್ಕೇ ಎಲೆ ಬಿಟ್ಟು ಎದ್ದು ಹೋದ ಬೀಗರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಪುರಾಣ ಯಾಕೆಂದರೆ, ಮದುವೆಯ ಚಪ್ಪರದಲ್ಲಿ ಕೂಗುವುದನ್ನು ಒಂದು ದಿನ ಪಂಚಾಯಿತಿಯ ಗ್ರಾಮಸಭೆಯಲ್ಲಿ ಕೂಗಿಸಿದವಳು ನಾನು. ಆ ಮಧ್ಯಾಹ್ನ ನೆನಪಾದರೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಒಂದು ಸುತ್ತು ಅಂಗಳದಲ್ಲಿ ಅಡ್ಡಾಡಿ ಬಂದೇ ಇದನ್ನು ಬರೆಯಲು ಕೂತಿದ್ದೇನೆ.

ಹೊಸ ಶತಮಾನದ ಮೊದಲ ವರ್ಷಗಳು ಅವು. ನಮ್ಮ ಓಣಿಯ ಸೀಟು ಹೆಂಗಸರಿಗೆ ಬಂದಿತ್ತು. ಪಿಯುಸಿ ಓದಿ ಮದುವೆಯಾಗಿ ಬಂದು, ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದ ನನ್ನನ್ನು ಓಣಿಯವರೇ ನಿಲ್ಲಿಸಿದರು. ಅಳತೆ ಕೊಡಲು ಬಂದವರೆಲ್ಲ ಓಟನ್ನೂ ಕೊಟ್ಟರು ಎಂದು ನನ್ನ ಗಂಡ ಈಗಲೂ ಚುಡಾಯಿಸುತ್ತಾರೆ. ತವರೂರು ಇಟ್ಟಿಗಿಯಿಂದ ಅಣ್ಣ ತನ್ನ ಟ್ರ್ಯಾಕ್ಟರ್ ತಂದು, ಮೂರು ದಿನ ಇಲ್ಲೇ ಇದ್ದು, ಹೊಲದ ಮನೆಗಳಿಂದ ಜನರನ್ನು ತಾನೇ ಹತ್ತಿಸಿಕೊಂಡು ಬಂದು ಇಳಿಸಿದ್ದ. ಗೆದ್ದ ದಿನ ನನಗಿಂತ ಹೆಚ್ಚು ಗುಲಾಲು ಅವನ ಮೈಮೇಲಿತ್ತು.

ಗೆದ್ದು ಒಳಗೆ ಹೋಗಿ ನೋಡಿದರೆ, ಪಂಚಾಯಿತಿ ಮೊದಲೇ ಒಬ್ಬರ ಜೇಬಿನಲ್ಲಿತ್ತು. ಊರಲ್ಲಿ ಎಲ್ಲರೂ ಸಾವ್ಕಾರ ಎಂದು ಕರೆಯುತ್ತಿದ್ದ ಗುತ್ತಿಗೆದಾರ ಅವರು. ಚರಂಡಿ ಇರಲಿ, ರಸ್ತೆಯಡಿಯ ಸಿಡಿ ಮೋರಿ ಇರಲಿ, ಶಾಲೆಯ ಕಾಂಪೌಂಡ್ ಇರಲಿ, ಎಲ್ಲ ಕೆಲಸವೂ ಅವರದೇ. ಚುನಾವಣೆ ಬಂದರೆ ಗೆಲ್ಲುವ ಕುದುರೆ ಯಾವುದೆಂದು ನೋಡಿ ಜೀಪು ಬಿಡುವರು, ಹುಗ್ಗಿ ಊಟ ಹಾಕಿಸುವರು. ಗೆದ್ದ ಮೇಲೆ ಕೆಲಸಗಳು ತಾವೇ ನಡೆದುಕೊಂಡು ಅವರ ಮನೆಗೆ ಹೋಗುತ್ತಿದ್ದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಹಿಂದಿನ ಅವಧಿಯಲ್ಲಿ ಅವರು ನಮ್ಮ ಓಣಿಗೆ ಒಂದು ಸಣ್ಣ ನೀರಿನ ಟ್ಯಾಂಕು ಕಟ್ಟಿದ್ದರು. ಉದ್ಘಾಟನೆಯ ದಿನದಿಂದಲೇ ಅದು ನಾಲ್ಕೂ ಕಡೆ ಸೋರುತ್ತಿತ್ತು. ನಾವು ಅದನ್ನು ಅಳುಬುರುಕ ಎಂದು ಕರೆಯುತ್ತಿದ್ದೆವು. ನಲ್ಲಿ ತಿರುವಿದರೆ ಗಾಳಿ ಬರುವುದು, ಕೆಳಗೆ ನಿಂತ ಕೆಸರಲ್ಲಿ ಎಮ್ಮೆಗಳು ಹಾಯಾಗಿ ಮಲಗಿರುವುವು. ನಾವು ಹೆಂಗಸರು ಕೊಡ ಹೊತ್ತು ಊರಾಚೆಯ ಬೋರಿಗೆ ಹೋಗಬೇಕಿತ್ತು.

ಹಾಗಾಗಿ ನಮ್ಮ ಓಣಿಗೆ ಹೊಸ ಟ್ಯಾಂಕು ಮಂಜೂರಾಯಿತು ಎಂದು ಸದಸ್ಯರ ಸಭೆಯಲ್ಲಿ ಕಾರ್ಯದರ್ಶಿ ಹೇಳಿದಾಗ ನಾನು ಕುರ್ಚಿಯಿಂದ ಜಿಗಿಯುವುದೊಂದು ಬಾಕಿ. ಆ ಖುಷಿ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಇರಲಿಲ್ಲ. ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ, "ಎಂದಿನಂಗ ಸಾವ್ಕಾರ್ಗೇ ಹೇಳ್ತೀನಿ. ಬ್ಯಾರೆಯವ್ರು ಟೆಂಡರ್ ಹಾಕದಂಗ ನೋಡ್ಕಂಡ್ರಾತು," ಎಂದರು.

"ಯಾಕ್ರಿ? ಒಂದು ಅಳೋದು ಸಾಲ್ದೇನು, ಜೋಡಿಗೆ ಇನ್ನೊಂದು ಬೇಕಾ?" ಎಂದೆ.

ಅಧ್ಯಕ್ಷರು ಕೆಟ್ಟವರಲ್ಲ. ವಯಸ್ಸಾದವರು, ಮೃದು ಮಾತಿನವರು. ಮುಚ್ಚುಮರೆಯಿಲ್ಲದೆ ಹೇಳಿದರು. "ನೋಡವ್ವಾ, ಇಲೆಕ್ಷನ್ನಾಗ ಅವರು ನನಗ ಜೀಪು ಬಿಟ್ರು. ಇಲ್ಲಿ ಕುಂತ ಆರು ಮಂದಿಗೂ ಮಾಡ್ಯಾರ. ಮುಯ್ಯಿ ತೀರಸ್ಬೇಕೋ ಬ್ಯಾಡೋ? ಇಸ್ಕೊಂಡು ಸುಮ್ನ ಕುಂತ್ರ ಮಂದಿ ಏನಂತಾರ?"

ನನಗೆ ಉರಿದುಹೋಯಿತು. ಉರಿದದ್ದು ಅವರು ಸುಳ್ಳು ಹೇಳಿದರು ಎಂದಲ್ಲ, ಅಷ್ಟು ನಿಜವಾಗಿ ಹೇಳಿದರಲ್ಲ ಎಂದು. ಅವರ ಮನಸ್ಸಿನಲ್ಲಿ ಲಂಚ ಎಂಬ ಮಾತೇ ಇರಲಿಲ್ಲ. ಮದುವೆಗೆ ಬಂದ ಕೊಡಕ್ಕೆ ಕೊಡ ತಿರುಗಿಸುವ ಹಾಗೆ, ಚುನಾವಣೆಗೆ ಬಂದ ಜೀಪಿಗೆ ಟ್ಯಾಂಕು ತಿರುಗಿಸುವುದು ಅವರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

"ತೀರಸ್ರಿ ಅಧ್ಯಕ್ಷರ, ಬ್ಯಾಡ ಅಂದೋರ್ಯಾರು? ನಿಮ್ಮ ಮನಿ ಜ್ವಾಳದ ಚೀಲ ಕೊಟ್ಟು ತೀರಸ್ರಿ. ನಿಮ್ಮ ಕೊಟ್ಟಿಗಿ ಎಮ್ಮಿ ಹೊಡ್ಕಂಡು ಹೋಗಿ ಕೊಡ್ರಿ. ನಮ್ಮ ಓಣಿ ನೀರು ಕೊಟ್ಟು ನಿಮ್ಮ ಮುಯ್ಯಿ ತೀರಸ್ತೀರಾ?"

ಆ ಬಿಸಿಯಲ್ಲೇ ನನ್ನ ಬಾಯಿಂದ ಒಂದು ನಿಯಮವೂ ಬಂದುಬಿಟ್ಟಿತು. ಚುನಾವಣೆಯಲ್ಲಿ ಯಾವ ಸದಸ್ಯರಿಗೇ ಆಗಲಿ ಗಾಡಿ ಕೊಟ್ಟವರು, ಊಟ ಹಾಕಿಸಿದವರು, ಖರ್ಚು ಮಾಡಿದವರು, ಆ ಸದಸ್ಯರು ಕುರ್ಚಿಯಲ್ಲಿರುವವರೆಗೆ ಪಂಚಾಯಿತಿ ದುಡ್ಡಿನ ಕೆಲಸ ಮುಟ್ಟಬಾರದು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇಬ್ಬರು ಎದ್ದು ಬೀಡಿ ಸೇದಲು ಹೊರಗೆ ಹೋದರು. ಕೊನೆಗೆ ಕಾರ್ಯದರ್ಶಿ, ಇದನ್ನು ಗ್ರಾಮಸಭೆಯ ಮುಂದೆ ಇಡೋಣ ಎಂದು ಜಾರಿಕೊಂಡರು.

ಹೊರಗೆ ಕಟ್ಟೆಯ ಮೇಲೆ ಸಾವ್ಕಾರರು ಕೂತಿದ್ದರು. ಸುದ್ದಿ ನನಗಿಂತ ಮೊದಲೇ ಅವರನ್ನು ಮುಟ್ಟಿತ್ತು. ಎಲೆ ಅಡಿಕೆ ಮೆಲ್ಲುತ್ತಾ ನಕ್ಕರು. "ಮಾಡ್ಕಳವ್ವಾ ಕಾಯ್ದೆ. ಭಾಳ ಚಲೋ ಕಾಯ್ದೆ. ಯಾರು ಕೊಟ್ರು, ಯಾರು ಇಸ್ಕೊಂಡ್ರು ಅಂತ ಹೇಳೋರ್ಯಾರು? ಇಸ್ಕೊಂಡೋರು ಹೇಳ್ತಾರೋ, ಕೊಟ್ಟ ನಾನು ಹೇಳ್ತೀನೋ?"

ಆ ಮಾತು ನನ್ನನ್ನು ಮನೆಯವರೆಗೂ ಬೆನ್ನಟ್ಟಿಕೊಂಡು ಬಂತು. ರವಿಕೆಯ ತೋಳು ಹೊಲಿಯಲು ಕೂತರೆ ಎಡಕ್ಕೆ ಬಲದ್ದು, ಬಲಕ್ಕೆ ಎಡದ್ದು ಜೋಡಿಸಿಬಿಟ್ಟೆ. ಬಿಚ್ಚುತ್ತಾ ಕೂತಿದ್ದಾಗ ಹೊಳೆಯಿತು. ಅಧ್ಯಕ್ಷರೇ ಅದನ್ನು ಮುಯ್ಯಿ ಎಂದರಲ್ಲ? ಮುಯ್ಯಿಯಾದರೆ ಅದನ್ನು ಕೂಗಬೇಕು! ಕೂಗದ ಮುಯ್ಯಿ ಎಲ್ಲಾದರೂ ಉಂಟೇ? ನಾನು ಬಟ್ಟೆ ಬಿಸಾಕಿ ಹಿತ್ತಲಿಗೆ ಓಡಿ, ಬೇಲಿ ಕಟ್ಟುತ್ತಿದ್ದ ಮಾವನಿಗೆ ಹೇಳಿದೆ.

"ಮದಿವಿ ಇಲ್ಲ, ಮದ್ಲಿಂಗ ಇಲ್ಲ, ಏನು ಮುಯ್ಯಿ ಕೂಗ್ಲಿ?" ಎಂದು ಅವರು ಗದರಿದರು.

"ಮೈಕ್ ಇರ್ತತಿ ಮಾವಾ. ಕೂಡ್ಲಿಗಿಯಿಂದ ಸಾಹೇಬ್ರು ಬರ್ತಾರ. ಇಡೀ ಊರು ಕೂಡ್ತತಿ."

ಮಾವ ಬೇಲಿಯ ಮುಳ್ಳು ಕೆಳಗಿಟ್ಟರು. ಮೈಕು ಎಂದರೆ ಅವರಿಗೆ ಹಸಿದವನಿಗೆ ರೊಟ್ಟಿಯ ವಾಸನೆ ಬಡಿದ ಹಾಗೆ. "ಹೊಸಾದೋ, ಹೋದ್ಸಲದಂಗ ಕುಂಯ್ ಅನ್ನೋದೋ?" ಎಂದು ಕೇಳಿದರು. ನಾನು ಗೆದ್ದೆ.

ಆ ಸಂಜೆ ಊಟಕ್ಕೆ ಕೂತಾಗ ಗಂಡ ಮೊದಲ ತುತ್ತಿನಲ್ಲೇ ಕೈ ತಡೆದರು. "ಲೇ, ನಿಮ್ಮಣ್ಣನ ಟ್ರ್ಯಾಕ್ಟರ್?"

ನಾನು ಪಲ್ಯದ ಸೌಟು ಹಿಡಿದು ನಿಂತುಬಿಟ್ಟೆ. ನಿಜವಾಗಿ ಹೇಳುತ್ತೇನೆ, ಅದು ನನ್ನ ತಲೆಗೇ ಬಂದಿರಲಿಲ್ಲ. ತವರಿನದು ಎಂದಾದರೂ ಲೆಕ್ಕಕ್ಕೆ ಬರುತ್ತದೆಯೇ? ತವರಿನ ಅಕ್ಕಿಯನ್ನು ಯಾರಾದರೂ ಅಳೆಯುತ್ತಾರೆಯೇ?

ಆದರೆ ಅಳೆಯಲೇಬೇಕಿತ್ತು. ಯಾಕೆಂದರೆ ಅಣ್ಣ ಆ ಟ್ಯಾಂಕಿನ ಮೇಲೆ ಜೀವ ಇಟ್ಟುಕೊಂಡಿದ್ದ. ಹುಡುಗನಾಗಿದ್ದಾಗಿನಿಂದ ಅವನು ಬೇರೆಯವರ ಕೈಕೆಳಗೆ ಗೌಂಡಿ ಕೆಲಸ ಮಾಡಿದವನು. ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿಯಲ್ಲಿ ಅವನು ಕಟ್ಟಿದ ಎಷ್ಟೋ ಗೋಡೆಗಳ ಮೇಲೆ ಬೇರೆ ಗುತ್ತಿಗೆದಾರರ ಹೆಸರಿನ ಕಲ್ಲುಗಳಿದ್ದವು. ಆ ವರ್ಷವಷ್ಟೇ ಓಡಾಡಿ ತನ್ನ ಹೆಸರಿಗೆ ಗುತ್ತಿಗೆಯ ಲೈಸೆನ್ಸ್ ಮಾಡಿಸಿದ್ದ. ಮೊದಲ ಕೆಲಸ ತಂಗಿಯ ಊರಿನ ನೀರಿನ ಟ್ಯಾಂಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಅವನು ಕಟ್ಟಿದ ತೊಟ್ಟಿ ಸೋರುವುದಿಲ್ಲ ಎಂದು ಇಟ್ಟಿಗಿಯ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನನಗೆ ಬೇಕಾದದ್ದು ಸೋರದ ಟ್ಯಾಂಕು. ಸೋರದ ಹಾಗೆ ಕಟ್ಟಬಲ್ಲವನು ನನ್ನ ಅಣ್ಣ. ನನ್ನದೇ ನಿಯಮ ನಮ್ಮಿಬ್ಬರ ನಡುವೆ ಗೋಡೆಯ ಹಾಗೆ ಎದ್ದು ನಿಂತಿತ್ತು.

ಗ್ರಾಮಸಭೆಗೆ ಎರಡು ದಿನ ಮುಂಚೆ ಅವನೇ ಬಂದ. ಟ್ಯಾಂಕಿನ ಜಾಗ ನೋಡಿ, ಮಣ್ಣು ಕೆದರಿ, ಹೆಜ್ಜೆ ಹಾಕಿ ಅಳತೆ ಮಾಡಿ, ನಗುತ್ತಾ ಮನೆಗೆ ಬಂದು ಕೂತ. ನಾನು ಸುತ್ತಿ ಬಳಸಿ ಹೇಳುವವಳಲ್ಲ. ನೀರಿನ ಚೊಂಬು ಕೊಟ್ಟು, "ಅಣ್ಣಾ, ಈ ಕೆಲಸಕ್ಕೆ ನೀನು ಟೆಂಡರ್ ಹಾಕಬ್ಯಾಡ," ಎಂದು ಎಲ್ಲ ಹೇಳಿದೆ.

ಅವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ಚೊಂಬು ಕೆಳಗಿಟ್ಟ. "ಆ ಸಾವ್ಕಾರಂದು ಬ್ಯಾರೆ, ನಂದು ಬ್ಯಾರೆ ತಂಗೀ. ಅವಂಗ ನೀವು ಏನಾಗ್ಬೇಕು? ನಾನು ಒಡಹುಟ್ಟಿದಾಂವ."

"ಊರಿಗೆ ಅದು ಗೊತ್ತಾಗಲ್ಲಣ್ಣ. ಊರಿಗೆ ಟ್ರ್ಯಾಕ್ಟರ್ ಕಾಣ್ತತಿ, ಟ್ಯಾಂಕ್ ಕಾಣ್ತತಿ."

"ಹಂಗಾರ ಟ್ರ್ಯಾಕ್ಟರ್ ಸುದ್ದಿ ಎತ್ತಬ್ಯಾಡ. ಎಲ್ಲಾರ್ದೂ ಕೂಗ್ರಿ, ನಂದೊಂದು ಬಿಡ್ರಿ. ಅಣ್ಣನ ಹೆಸ್ರು ಮೈಕ್ನಾಗ ಕೂಗ್ತಿಯೇನು ನೀನು?" ಎಂದು ಎದ್ದ. ಬಾಗಿಲಲ್ಲಿ ನಿಂತು, ದನಿ ಇಳಿಸಿ, "ಇದೊಂದು ಕೆಲಸ ಆದ್ರ ನಾನು ಇನ್ನೊಬ್ಬನ ಕೈಕೆಳಗ ಹೋಗೋದು ತಪ್ತತಿ," ಎಂದ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗ್ರಾಮಸಭೆಯ ದಿನ ಶಾಲೆಯ ಅಂಗಳ ತುಂಬಿತ್ತು. ಎಂದೂ ಅಷ್ಟು ಜನ ಸೇರಿದ್ದಿಲ್ಲ. ಸಾಮಾನ್ಯವಾಗಿ ಗ್ರಾಮಸಭೆ ಎಂದರೆ ನಾಲ್ಕು ಜನ ಬಂದು, ಸಹಿ ಹಾಕಿ, ಮಂಡಕ್ಕಿ ತಿಂದು ಹೋಗುವುದು. ಈ ಸಲ ನನ್ನ ಮಾವ ಏನೋ ಕೂಗುತ್ತಾರಂತೆ ಎಂಬ ಸುದ್ದಿ ಹಬ್ಬಿ, ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದರು. ಕೂಡ್ಲಿಗಿಯಿಂದ ಬಂದ ಅಧಿಕಾರಿ ಬೇವಿನ ಮರದ ನೆರಳಲ್ಲಿ ಮೇಜಿನ ಹಿಂದೆ ಕೂತು, ಗಡಿಯಾರ ನೋಡಿಕೊಳ್ಳುತ್ತಿದ್ದರು. ಸಾವ್ಕಾರರು ಮುಂದಿನ ಸಾಲಿನ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಅಣ್ಣನೂ ಬಂದಿದ್ದ. ಗೇಟಿನ ಹತ್ತಿರ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ.

ಕಾರ್ಯದರ್ಶಿ ನಿಯಮ ಓದಿ, ಒಪ್ಪುವವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಸಾವ್ಕಾರರೂ ನಗುನಗುತ್ತಾ ಒಂದು ಬೆರಳು ಎತ್ತಿದರು. ಹೇಳುವವರೇ ಇಲ್ಲದ ಮೇಲೆ ನಿಯಮ ಇದ್ದರೆಷ್ಟು, ಬಿಟ್ಟರೆಷ್ಟು? ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ನಾನು ಎದ್ದೆ.

"ಅಧ್ಯಕ್ಷರು ಇದನ್ನ ಮುಯ್ಯಿ ಅಂದಾರ. ನಮ್ಮೂರಾಗ ಮುಯ್ಯಿ ಅಂದ್ರ ಕೂಗ್ತಾರ. ಮಾವಾ, ಬರ್ರಿ."

ಮಾವ ಹೊಸ ಪಟಗ ಸುತ್ತಿಕೊಂಡು ಬಂದಿದ್ದರು. ಮೈಕು ಹಿಡಿದು, ಬೆರಳಿನಿಂದ ಎರಡು ಸಲ ತಟ್ಟಿ, ಕಣ್ಣು ಮುಚ್ಚಿ, ಮದುವೆಯ ದನಿಯಲ್ಲೇ ಶುರು ಮಾಡಿದರು. ಮೊದಲಿಗೆ ತಮ್ಮದನ್ನೇ. "ಈ ಊರಾಗಿನ ಮಾವನಿಂದ ಸೊಸಿಗೆ, ಓಟು ಕೇಳಾಕ ಹೋಗೋವಾಗ ಉಡ್ಲಿ ಅಂತ, ಒಂದು ಇಳಕಲ್ ಸೀರಿ!" ಜನ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಹೆದರಿಕೆ ಹೋಯಿತು. ಹಿಟ್ಟಿನ ಗಿರಣಿಯವನು ಎದ್ದು, "ಮೂರನೇ ವಾರ್ಡಿಗೆ ನಾನು ಚಾ ಕುಡ್ಸೀನಿ, ಕೂಗ್ರಿ!" ಎಂದ. ಮಾವ ಕೂಗಿದರು. ಇನ್ನೊಬ್ಬ ಎದ್ದ. ಮಂಡಕ್ಕಿ ಮಿರ್ಚಿ ಕೊಟ್ಟವನು, ಗ್ಯಾಸ್ ಲೈಟು ಕೊಟ್ಟವನು, ಡೊಳ್ಳಿನವರಿಗೆ ಬೆಲ್ಲ ಕೊಟ್ಟವಳು. ಅವರಲ್ಲಿ ಯಾರಿಗೂ ಪಂಚಾಯಿತಿಯ ಕೆಲಸ ಬೇಕಿರಲಿಲ್ಲ. ತಾವು ಕೊಟ್ಟದ್ದು ಒಂದು ಸಲ ಊರಿನ ಕಿವಿಗೆ ಬೀಳಲಿ ಎಂಬುದೊಂದೇ ಆಸೆ. ಅಂಗಳದ ತುಂಬಾ ಮದುವೆಮನೆಯ ಗದ್ದಲ. ಅಧಿಕಾರಿ ಗಡಿಯಾರ ನೋಡುವುದನ್ನು ಮರೆತಿದ್ದರು.

ಆ ಹೊತ್ತಿನಲ್ಲಿ ಮಾವ ಕೂಗಿದರು. "ನಮ್ಮ ಅಧ್ಯಕ್ಷರಿಗೆ, ಸಾವ್ಕಾರ್ರಿಂದ, ಒಂದು ಜೀಪೂ!"

ಸಾವ್ಕಾರರು ಸಟಕ್ಕನೆ ಎದ್ದು ನಿಂತರು. ಮುಖ ಕೆಂಪಾಗಿತ್ತು. ನಾನು ಅಂದುಕೊಂಡೆ, ಈಗ ಸುಳ್ಳು ಎನ್ನುತ್ತಾರೆ, ಜಗಳ ತೆಗೆಯುತ್ತಾರೆ.

"ಒಂದಾ?" ಎಂದು ಅವರು ಗುಡುಗಿದರು. "ಏನ್ರೀ ಹಿರೇರ, ಒಂದು ಜೀಪಾ? ನಾನೇನು ಭಿಕ್ಷಾ ನೀಡೀನೇನು? ಎರಡು ಜೀಪು, ಒಂದು ಟ್ರ್ಯಾಕ್ಸು, ಡೀಸೆಲ್ ಸಮೇತ!"

ಮಾವನಿಗೆ ನಿಜವಾಗಿಯೂ ಒಂದೇ ಜೀಪು ಗೊತ್ತಿದ್ದದ್ದು. ಮುಯ್ಯಿ ಕಡಿಮೆ ಕೂಗಿಬಿಟ್ಟೆನಲ್ಲಾ ಎಂದು ಅವರು ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ, ತಪ್ಪಾತು! ಸಾವ್ಕಾರ್ರಿಂದ ಎರಡು ಜೀಪು, ಒಂದು ಟ್ರ್ಯಾಕ್ಸು, ಡೀಸೆಲ್ ಸಮೇತಾ!"

ಜನ "ಓಹೋ!" ಎಂದರು. ಆ ಓಹೋ ಸಾವ್ಕಾರರ ತಲೆಗೇರಿತು.

"ಊಟ ಬಿಟ್ರಿ! ಗೋಧಿ ಹುಗ್ಗಿ, ಅದೂ ತುಪ್ಪ ಹಾಕಿ. ಈ ಕುಂತಾರಲ್ಲ ಮೆಂಬರ್ರು, ಒಬ್ಬೊಬ್ಬರ ಮನಿ ಮುಂದೂ ಒಲಿ ಹೂಡ್ಸೀನಿ. ಐದನೇ ವಾರ್ಡಿನಾಂವಂಗ ಬ್ಯಾನರ್ ಯಾರು ಬರ್ಸಿದ್ರು? ಕೂಗ್ರಿ! ಈ ಅಧ್ಯಕ್ಷರ ಅಂಗಿ ಯಾರು ಹೊಲ್ಸಿದ್ರು? ಅದ್ನೂ ಕೂಗ್ರಿ!"

ಅಧ್ಯಕ್ಷರು ಸಾವ್ಕಾರರ ಅಂಗಿಯ ಚುಂಗು ಹಿಡಿದು ಜಗ್ಗುತ್ತಿದ್ದರು. ಅವರಿಗೆ ಅರಿವೇ ಇಲ್ಲ. ಮಿರ್ಚಿ ಕೊಟ್ಟವನಿಗೂ ಗ್ಯಾಸ್ ಲೈಟಿನವನಿಗೂ ಅಷ್ಟು ನಗು, ಅಷ್ಟು ಕೂಗು ಸಿಕ್ಕಿದ ಮೇಲೆ, ಇಡೀ ಚುನಾವಣೆಯನ್ನೇ ಹೊತ್ತ ಮನುಷ್ಯನಿಗೆ ಒಂದು ಜೀಪು ಎಂದರೆ ತಡೆದುಕೊಳ್ಳಲಾದೀತೇ? ನಮ್ಮ ಕಡೆಯ ಮನುಷ್ಯ ಕೈ ಬಿಟ್ಟು ಹೋದ ದುಡ್ಡಿಗೆ ಅಳುವುದಿಲ್ಲ, ಕೊಟ್ಟು ಕಡಿಮೆ ಅನಿಸಿಕೊಳ್ಳುವುದನ್ನು ಮಾತ್ರ ಸಹಿಸುವುದಿಲ್ಲ. ಮಾವ ಒಂದೊಂದನ್ನೂ ಕೂಗಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ನಗುವೋ, ಕಿರುಚಾಟವೋ, ಎರಡೂ ಒಟ್ಟಿಗೆ ಒದ್ದುಕೊಂಡು ಬರುತ್ತಿದ್ದವು.

ಕೊನೆಗೆ ಮುಂದೆ ನೆಲದ ಮೇಲೆ ಕೂತಿದ್ದ ನಮ್ಮ ಓಣಿಯ ಮುದುಕಿಯೊಬ್ಬಳು, ಅಳುಬುರುಕ ಟ್ಯಾಂಕಿನ ಪಕ್ಕದ ಮನೆಯವಳು, ತಲೆಯೆತ್ತಿ ಕೇಳಿದಳು. "ಇಷ್ಟೆಲ್ಲಾ ಕೊಟ್ಟಾರಂದ್ರ, ಈಗ ಕೈ ಎತ್ತಿದ್ವಲ್ಲ, ಇವ್ರಿಗೆ ಟ್ಯಾಂಕ್ ಇಲ್ಲ ಅಂದಂಗಾತು, ಹೌದಿಲ್ಲೋ?"

ಸಾವ್ಕಾರರು ಕುರ್ಚಿಯನ್ನು ಕೈಯಿಂದ ತಡಕಿ ಕೂತರು. ಆಮೇಲೆ ಎದ್ದ ನಗು ಕೊಟ್ಟೂರಿನವರೆಗೆ ಕೇಳಿಸಿರಬೇಕು!

ಸಭೆ ಅಲ್ಲಿಗೆ ಮುಗಿದಿದ್ದರೆ ನನ್ನಷ್ಟು ಸುಖಿ ಯಾರೂ ಇರುತ್ತಿರಲಿಲ್ಲ. ನಗುವಿನ ನಡುವೆ ನಾನು ಗೇಟಿನ ಕಡೆ ನೋಡಿದೆ. ಅಣ್ಣನೂ ನಗುತ್ತಿದ್ದ. ನನ್ನನ್ನು ನೋಡಿದ ಮೇಲೆ ನಗು ನಿಲ್ಲಿಸಿದ. ಮಾವ ಮೈಕು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಆ ಮೂರು ದಿನವೂ ಅಣ್ಣ ಊಟ ಮಾಡಿದ್ದು ಅವರ ಪಕ್ಕದಲ್ಲೇ ಕೂತು.

"ಬೀಗರ ಮುಯ್ಯಿ ನಾನು ಕೂಗಲ್ಲವ್ವಾ. ನನ್ನ ಬಾಯಿ ಏಳಲ್ದು," ಎಂದು ಅವರು ಮೈಕನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಯಾರೂ ಕೇಳಿರಲಿಲ್ಲ. ಯಾರಿಗೂ ಅದು ನೆನಪೂ ಇರಲಿಲ್ಲ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಅಣ್ಣ ಟೆಂಡರ್ ಹಾಕುತ್ತಿದ್ದ, ನಮ್ಮ ಓಣಿಗೆ ಸೋರದ ಟ್ಯಾಂಕು ಬರುತ್ತಿತ್ತು. ಅವನ ಹೆಸರಿನ ಕಲ್ಲು ನನ್ನ ಮನೆಯ ಬಾಗಿಲಿಂದ ಕಾಣುತ್ತಿತ್ತು. ಮೈಕು ಬಾಯಿಯ ಹತ್ತಿರ ತಂದಾಗ ಅದರಲ್ಲಿ ನನ್ನ ಬಳೆಯ ಸದ್ದು ಕೇಳಿಸಿತು.

"ಇಟ್ಟಿಗಿ ನಮ್ಮಣ್ಣನಿಂದ, ನನಗ, ಮೂರು ದಿನ ಟ್ರ್ಯಾಕ್ಟರ್," ಎಂದೆ.

ಮಾವನ ಹಾಗೆ ಕೂಗಲಾಗಲಿಲ್ಲ. ಮಾತಿನ ಹಾಗೆ ಹೇಳಿದೆ. ಆದರೂ ಗೇಟಿನವರೆಗೆ ಕೇಳಿಸಿತು. ಅಣ್ಣ ಟ್ರ್ಯಾಕ್ಟರ್ ಹತ್ತಿದ. ಅದು ಶುರುವಾದ ಸದ್ದಿಗೆ ಎಲ್ಲರೂ ಹಿಂದಕ್ಕೆ ತಿರುಗಿದರು. ಅವನು ಒಮ್ಮೆಯೂ ತಿರುಗಲಿಲ್ಲ.

ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, ಇಂಥ ನಿರ್ಣಯಕ್ಕೆ ಕಾಯ್ದೆಯಲ್ಲಿ ಬಲ ಕಡಿಮೆ, ಯಾರಾದರೂ ಪ್ರಶ್ನಿಸಿದರೆ ನಿಲ್ಲುವುದು ಕಷ್ಟ ಎಂದು ಮೆಲ್ಲಗೆ ಹೇಳಿ ಹೋದರು. ನಿಂತಿತು. ಪ್ರಶ್ನಿಸಬೇಕಾದವರು ಸಾವ್ಕಾರರು. ಅವರು ಪೇಟೆಗೆ ಹೋದರೂ ಚಹಾದಂಗಡಿಗೆ ಹೋದರೂ ಯಾರಾದರೊಬ್ಬರು, "ಸಾವ್ಕಾರ್ರ, ಎರಡು ಜೀಪಲ್ರಿ?" ಎನ್ನುತ್ತಿದ್ದರು. ಅಷ್ಟು ಜನರ ಮುಂದೆ ಎದೆ ತಟ್ಟಿಕೊಂಡು ಕೊಟ್ಟೆ ಎಂದವನು ಆಮೇಲೆ ಕೆಲಸ ಕೇಳಲು ಹೋದರೆ ಮಾಡಿದ ಮುಯ್ಯಿಯನ್ನು ತಾನೇ ಕೈ ಚಾಚಿ ವಾಪಸ್ಸು ಕೇಳಿದ ಹಾಗೆ. ಅಷ್ಟು ಹೇಸಿಗೆಯ ಕೆಲಸ ನಮ್ಮ ಕಡೆ ಯಾರೂ ಮಾಡುವುದಿಲ್ಲ. ಅವರು ಟೆಂಡರ್ ಹಾಕಲಿಲ್ಲ. ಯಾರಿಗೂ ಒಂದು ಬೀಡಿಯನ್ನೂ ಕೊಟ್ಟಿರದ ಹರಪನಹಳ್ಳಿ ಕಡೆಯ ಒಬ್ಬರು ಹಾಕಿ ಕೆಲಸ ಪಡೆದರು. ಅವರ ಟ್ಯಾಂಕು ಒಂದು ಮೂಲೆಯಲ್ಲಿ ಜಿನುಗಿತು. ನಾನು ಹೋಗಿ ಬಾಯಿ ಮಾಡಿದೆ. ಮತ್ತೆ ಗಾರೆ ಮೆತ್ತಿದರು, ನಿಂತಿತು. ನೀರು ತುಂಬಿಸಿದ ದಿನ ಓಣಿಯ ಹೆಂಗಸರು ನನ್ನನ್ನು ನಲ್ಲಿಯ ಕೆಳಗೆ ತಳ್ಳಿ ತೋಯಿಸಿಬಿಟ್ಟರು. ಸೀರೆ ಹಿಂಡಿಕೊಳ್ಳುತ್ತಾ ನಾನು ಹುಚ್ಚಿಯ ಹಾಗೆ ನಕ್ಕೆ.

ಅಣ್ಣ ಮಾತ್ರ ಬರಲಿಲ್ಲ. ಹಬ್ಬಕ್ಕೂ ಕರೆಯಲಿಲ್ಲ. ನಾನು ಕಾಯುವ ಜಾಯಮಾನದವಳಲ್ಲ. ಒಂದು ಬೆಳಗ್ಗೆ ಕೊಟ್ಟೂರಿಗೆ ಬಂದು, ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿ, ಅಲ್ಲಿಂದ ಹಡಗಲಿ, ಹಡಗಲಿಯಿಂದ ಇಟ್ಟಿಗಿಗೆ ಹೋಗಿ ಇಳಿದೆ. ಅವನು ಮನೆಯಲ್ಲಿರಲಿಲ್ಲ. ಊರ ಹೊರಗೆ ಯಾರದೋ ಗೋದಾಮು ಕಟ್ಟುತ್ತಿದ್ದ, ಮತ್ತೆ ಇನ್ನೊಬ್ಬರ ಕೈಕೆಳಗೆ.

ನಾನು ಹೋದಾಗ ಅವನು ಎತ್ತರದ ಗೋಡೆಯ ಮೇಲೆ ಕೂತು ಇಟ್ಟಿಗೆ ಇಡುತ್ತಿದ್ದ. ನನ್ನನ್ನು ನೋಡಿದ, ಇಳಿಯಲಿಲ್ಲ. ಕರಣಿಯಿಂದ ಗಾರೆ ಎಳೆಯುತ್ತಲೇ ಇದ್ದ. ನಾನು ಕೆಳಗೆ ನಿಂತು ಕತ್ತೆತ್ತಿ ಕರೆದೆ. "ಅಣ್ಣಾ, ಬೈಯೋದಾದ್ರ ಬೈಯಿ. ಸುಮ್ನಿರಬ್ಯಾಡ."

"ಏನಂತ ಬೈಲಿ?" ಎಂದ ಅವನು, ಇಟ್ಟಿಗೆಯ ಮೇಲೆ ಕಣ್ಣಿಟ್ಟುಕೊಂಡೇ. "ಕೆಲಸ ಹೋತು, ಹೋಗ್ಲಿ. ಇನ್ನೊಂದು ಬರ್ತತಿ. ಆ ಸಾವ್ಕಾರನ ಜೀಪಿನ ಜೋಡಿ ನನ್ನ ಟ್ರ್ಯಾಕ್ಟರ್ ಕೂಗಿದೆಲ್ಲ, ಅದಕ್ಕ ಏನಂತ ಬೈಲಿ? ನಾನೇನು ಟ್ಯಾಂಕಿನ ಆಸೀಗೆ ಟ್ರ್ಯಾಕ್ಟರ್ ತಂದಿದ್ನಾ? ನೀನು ನನ್ನ ತಂಗಿ ಅಂತ ತಂದಿದ್ದೆ."

ಇಷ್ಟು ದಿನ ನಾನು ಅವನು ಕೆಲಸಕ್ಕಾಗಿ ಮುನಿದಿದ್ದಾನೆ ಎಂದುಕೊಂಡಿದ್ದೆ.

"ಹೌದಣ್ಣ. ಹಂಗಂತಾನ ನಿನಗ ಟ್ಯಾಂಕ್ ಕೊಡ್ಲಿಲ್ಲ," ಎಂದೆ. "ಕೊಟ್ಟಿದ್ರ ನಿನ್ನ ಟ್ರ್ಯಾಕ್ಟರ್ ಬಾಡಿಗಿ ಟ್ರ್ಯಾಕ್ಟರ್ ಆಗ್ತಿತ್ತು. ಮೂರು ದಿನದ ಬಾಡಿಗಿ ಇಸ್ಕೊಂಡು ಹೋದ ಅಂತಿತ್ತು ಊರು. ನಾನೂ ಒಂದಿನ ಹಂಗ ಅನ್ಕೊಂತಿದ್ದೆ. ಕೊಡ್ಲಿಲ್ಲ. ಅದು ನನ್ನ ಅಣ್ಣ ಮಾಡಿದ್ದಾಗೇ ಉಳೀತು."

ಕರಣಿಯ ಸದ್ದು ನಿಂತಿತು. ಅವನು ಕೈಯಲ್ಲಿದ್ದ ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಂಗಾರ ಇನ್ನೂ ತೀರ್ಸಿಲ್ಲ ನೀನು," ಎಂದ ಕೊನೆಗೆ.

"ಇಲ್ಲ. ನನ್ನ ಮನಿಯಿಂದ ತೀರ್ಸ್ತೀನಿ. ಊರ ಮನಿಯಿಂದ ಅಲ್ಲ."

"ತೀರ್ಸಬ್ಯಾಡ," ಎಂದ ಅಣ್ಣ, ಗೋಡೆಯ ಮೇಲಿಂದ ನನ್ನ ಕಡೆ ಮೊದಲ ಸಲ ಬಗ್ಗಿ ನೋಡುತ್ತಾ. "ಹಂಗಾ ಇರ್ಲಿ."